ಉಚಿತ ಜಾಲತಾಣಗಳಿಗೆ ಕ್ಯಾಟಲಾಗಿನಲ್ಲಿ ಜಾಗ ಎಷ್ಟು?

ಪ್ರಶ್ನೆ: ನಾನು ತುಮಕೂರಿನಲ್ಲಿ ವಿಶ್ವವಿದ್ಯಾಲಯವೊಂದರ ಗ್ರಂಥಾಲಯದಲ್ಲಿ ಸಹಾಯಕ ಗ್ರಂಥಪಾಲಕಿ. ಇತಿಹಾಸ ವಿಭಾಗದ ಪ್ರಾಧ್ಯಾಪಕರೊಬ್ಬರು 212 ಉಚಿತ ಜಾಲತಾಣಗಳ ಪಟ್ಟಿ ಕೊಟ್ಟು, ಎಲ್ಲವನ್ನೂ ನಮ್ಮ ಆನ್‌ಲೈನ್ ಕ್ಯಾಟಲಾಗ್ ಆದ ಓಪ್ಯಾಕ್‌ಗೆ ಸೇರಿಸಬೇಕೆಂದು ಕೇಳಿದ್ದಾರೆ. ಪರಿಗ್ರಹಣ ಸಂಖ್ಯೆ (ಗ್ರಂಥಾಲಯಕ್ಕೆ ಬಂದ ಪುಸ್ತಕವನ್ನು ವಹಿಯಲ್ಲಿ ದಾಖಲಿಸುವ ಕ್ರಮಸಂಖ್ಯೆ) ಇಲ್ಲದ ಯಾವುದೂ ಕ್ಯಾಟಲಾಗಿಗೆ ಬರಬಾರದು, ಗೂಗಲ್ ಇರುವಾಗ ಈ ಕೆಲಸವೇ ಅನಗತ್ಯ ಎಂದು ನಮ್ಮ ಮುಖ್ಯ ಗ್ರಂಥಪಾಲಕರು ಹೇಳುತ್ತಾರೆ. ನಾವು ಕೊಹಾ ಎಂಬ ಗ್ರಂಥಾಲಯ ತಂತ್ರಾಂಶ ಬಳಸುತ್ತೇವೆ. ಸೂಚೀಕರಣಕ್ಕೆ, ಅಂದರೆ ಕ್ಯಾಟಲಾಗಿನ ದಾಖಲೆ ಮಾಡುವ ಕೆಲಸಕ್ಕೆ, ಇರುವವರು ಇಬ್ಬರೇ. ಯಾರ ಮಾತು ಕೇಳಲಿ? ಸೇರಿಸುವುದಾದರೆ ಹೇಗೆ ಸೇರಿಸಲಿ?

ಉತ್ತರ: ಆ 212ರಲ್ಲಿ ಹೆಚ್ಚಿನವನ್ನು ಸೇರಿಸಬೇಡಿ. ಆದರೆ ನಿಮ್ಮ ಗ್ರಂಥಾಲಯ ಸೇರಿಸಲೇಬೇಕಾದ ಕೆಲವು ತಾಣಗಳು ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ ಎಂದು ನನ್ನ ಊಹೆ. ಅವನ್ನು ನೀವೇ ಹುಡುಕಬೇಕು.

ಮೊದಲು ನಿಮ್ಮ ಮುಖ್ಯ ಗ್ರಂಥಪಾಲಕರ ಮಾತಿಗೆ ಬರುತ್ತೇನೆ. ಪರಿಗ್ರಹಣ ವಹಿ ಇರುವುದು ಆಡಿಟ್‌ಗಾಗಿ. ಯಾವ ಪುಸ್ತಕ ಯಾವಾಗ ಬಂತು, ಎಷ್ಟು ಬೆಲೆ, ಈಗ ಕಪಾಟಿನಲ್ಲಿ ಇದೆಯೇ ಎಂದು ಕೇಳುವವರಿಗೆ ಅದು ಉತ್ತರ ಕೊಡುತ್ತದೆ. ಕ್ಯಾಟಲಾಗ್ ಉತ್ತರ ಕೊಡಬೇಕಾದದ್ದು ಓದುಗರಿಗೆ. ನೀವು ಚಂದಾ ಕಟ್ಟಿ ತರಿಸುವ ಇ-ನಿಯತಕಾಲಿಕಗಳಿಗೂ ಪರಿಗ್ರಹಣ ಸಂಖ್ಯೆ ಇರುವುದಿಲ್ಲ. ಹಾಗೆಂದು ಅವನ್ನು ಓದುಗರಿಂದ ಬಚ್ಚಿಡುತ್ತೇವೆಯೇ? ಓದುಗರ ಸಮಯ ಉಳಿಸಿ ಎಂಬ ಗ್ರಂಥಾಲಯ ವಿಜ್ಞಾನದ ನಾಲ್ಕನೆಯ ಸೂತ್ರವನ್ನು ರಂಗನಾಥನ್ ಅವರು 1931ರಲ್ಲಿ ಬರೆದಾಗ ಅದು ಕೊಂಡ ಪುಸ್ತಕಗಳಿಗೆ ಮಾತ್ರ ಅನ್ವಯ ಎಂದು ಷರತ್ತು ಹಾಕಲಿಲ್ಲ.

ಗೂಗಲ್ ಸಾಕು ಎನ್ನುವ ವಾದಕ್ಕೆ ನಿಮ್ಮ ಜಿಲ್ಲೆಯಿಂದಲೇ ಒಂದು ಉದಾಹರಣೆ ತೆಗೆದುಕೊಳ್ಳೋಣ. ಮಧುಗಿರಿ ಕಡೆಯ ಒಬ್ಬ ಎಂ.ಎ. ವಿದ್ಯಾರ್ಥಿನಿ ತನ್ನ ಊರಿನ ಶಾಸನ ಹುಡುಕುತ್ತಾಳೆ. ಅದು ಇರುವುದು ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಹನ್ನೆರಡನೆಯ ಸಂಪುಟದಲ್ಲಿ, ಅಂದರೆ 1904ರ ತುಮಕೂರು ಜಿಲ್ಲೆಯ ಸಂಪುಟದಲ್ಲಿ. ಅದರ ಸ್ಕ್ಯಾನ್ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಆದರೆ ಶೀರ್ಷಿಕೆ ಇಂಗ್ಲಿಷಿನದು. ಊರಿನ ಹೆಸರುಗಳು ರೋಮನ್ ಲಿಪಿಯಲ್ಲಿ, ನೂರಿಪ್ಪತ್ತು ವರ್ಷದ ಹಿಂದಿನ ಕಾಗುಣಿತದಲ್ಲಿ ಇವೆ. ಮಧುಗಿರಿ ಅಲ್ಲಿ ‘ಮದ್ದಗಿರಿ’. ಸ್ಕ್ಯಾನ್‌ನ ಒಳಗಿನ ಹಳೆಯ ಅಚ್ಚಿನ ಕನ್ನಡವನ್ನು ಯಂತ್ರ ಸರಿಯಾಗಿ ಓದಿರುವುದಿಲ್ಲ. ‘ಮಧುಗಿರಿ ಶಾಸನಗಳು’ ಎಂದು ಕನ್ನಡದಲ್ಲಿ ಟೈಪ್ ಮಾಡಿದ ಹುಡುಗಿಗೂ ಆ ಪುಸ್ತಕಕ್ಕೂ ನಡುವೆ ಸೇತುವೆಯೇ ಇಲ್ಲ. ಆ ಸೇತುವೆ ಕಟ್ಟುವುದು ಸೂಚೀಕರಣಕಾರರ ಕೆಲಸ, ಮತ್ತು ಈ ಪುಸ್ತಕಕ್ಕೆ ಅದನ್ನು ಕಟ್ಟಲು ತುಮಕೂರಿನವರಿಗಿಂತ ತಕ್ಕವರು ಬೇರೆ ಯಾರಿದ್ದಾರೆ?

ಇಷ್ಟು ಹೇಳಿಯೂ ಪ್ರಾಧ್ಯಾಪಕರ ಪಟ್ಟಿಯನ್ನು ಇಡಿಯಾಗಿ ಸೇರಿಸಬೇಡಿ ಎನ್ನುವುದಕ್ಕೆ ಕಾರಣವಿದೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನಿದ್ದ ಗ್ರಂಥಾಲಯದಲ್ಲಿ ಇದೇ ಉತ್ಸಾಹದಿಂದ ಮುನ್ನೂರರಷ್ಟು ತಾಣಗಳಿಗೆ ದಾಖಲೆ ಮಾಡಿದೆವು. ರಾತ್ರಿ ಎಂಟರವರೆಗೆ ಕುಳಿತು ಮಾಡಿದ ಕೆಲಸ ಅದು. ಕೊಂಡಿಗಳನ್ನು ಮತ್ತೆ ನೋಡುವವರು ಯಾರು ಎಂದು ಮಾತ್ರ ಆಗ ತೀರ್ಮಾನಿಸಲಿಲ್ಲ. ಆರನೆಯ ವರ್ಷ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ನನ್ನ ಪಕ್ಕದಲ್ಲೇ ಕುಳಿತು ಐದು ಕೊಂಡಿಗಳನ್ನು ಒತ್ತಿದಳು. ನಾಲ್ಕು ತೆರೆಯಲಿಲ್ಲ. ಐದನೆಯದು ಜೂಜಿನ ತಾಣವಾಗಿತ್ತು. ಆಕೆ ಏನೂ ಹೇಳದೆ ಆ ಪುಟ ಮುಚ್ಚಿದಳು. ಆಮೇಲೆ ಕ್ಯಾಟಲಾಗ್ ಮುಟ್ಟಿದ್ದನ್ನು ನಾನು ನೋಡಲಿಲ್ಲ. ಆ ಐದು ಕೊಂಡಿಗಳಿಂದಾಗಿ ನಮ್ಮ ಕಪಾಟಿನಲ್ಲಿದ್ದ ಸಾವಿರಾರು ಒಳ್ಳೆಯ ಪುಸ್ತಕಗಳ ದಾಖಲೆಗಳ ಮೇಲೂ ಅವಳಿಗೆ ನಂಬಿಕೆ ಹೋಗಿತ್ತು. ಅದು ನನಗೆ ಇಂದಿಗೂ ನೋವು.

ಇದು ನಮ್ಮೊಬ್ಬರ ಕಥೆಯಲ್ಲ. 2013ರಲ್ಲಿ ಇದ್ದ ಜಾಲಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷಗಳ ನಂತರ ತೆರೆಯುತ್ತಿರಲಿಲ್ಲ ಎಂದು ಪ್ಯೂ ರಿಸರ್ಚ್ ಸೆಂಟರ್ 2024ರಲ್ಲಿ ಲೆಕ್ಕ ಕೊಟ್ಟಿತು. ನಮ್ಮ ದೇಶದಲ್ಲೇ, ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ತಾಣದಲ್ಲಿ ಕನ್ನಡ ಪುಸ್ತಕಗಳ ಸ್ಕ್ಯಾನ್‌ಗಳು ದೊಡ್ಡ ಸಂಖ್ಯೆಯಲ್ಲಿದ್ದವು. ಆ ಹಳೆಯ ವಿಳಾಸಗಳು ಈಗ ತೆರೆಯುವುದಿಲ್ಲ. ಅಲ್ಲಿದ್ದ ಅನೇಕ ಪುಸ್ತಕಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಳಿದುಕೊಂಡದ್ದು ನಮ್ಮ ಪುಣ್ಯ.

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬ ಗಾದೆ ಇದೆಯಲ್ಲ, ಗ್ರಂಥಪಾಲಕರು ಮಾತ್ರ ಮೊಳ ಹಾಕಲೇಬೇಕು. ಯಾರಾದರೂ ನಾಲ್ಕು ಚೀಲ ಪುಸ್ತಕ ದಾನ ಕೊಟ್ಟರೆ ಎಲ್ಲವನ್ನೂ ಕಪಾಟಿಗೆ ಸೇರಿಸುತ್ತೇವೆಯೇ? ಉಚಿತ ತಾಣಕ್ಕೆ ಬೆಲೆ ಇಲ್ಲದಿರಬಹುದು, ಅದರ ದಾಖಲೆಗೆ ಇದೆ. ಇಬ್ಬರೇ ಇರುವ ನಿಮ್ಮ ವಿಭಾಗದಲ್ಲಿ ಒಂದು ಒಳ್ಳೆಯ ದಾಖಲೆಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ ಎಂದುಕೊಂಡರೂ 212ಕ್ಕೆ ಒಬ್ಬರ ಒಂದು ತಿಂಗಳ ದುಡಿಮೆ ಆಯಿತು. ವರ್ಷ ವರ್ಷ ಅವನ್ನು ನೋಡಿಕೊಳ್ಳುವ ಕೆಲಸ ಬೇರೆ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಹೊಸ ದಾಖಲೆಯಿಂದ ಅಲ್ಲ, ಈಗಾಗಲೇ ಇರುವ ದಾಖಲೆಯಿಂದ. ನಿಮ್ಮ ಕಪಾಟಿನಲ್ಲಿರುವ ಹಳೆಯ, ಪುಟ ಮುರಿಯುವ ಸ್ಥಿತಿಯ ಪುಸ್ತಕಗಳಲ್ಲಿ ಯಾವುದಕ್ಕೆ ಉಚಿತ ಸ್ಕ್ಯಾನ್ ಇದೆ ಎಂದು ಹುಡುಕಿ, ಆ ಮುದ್ರಿತ ಪುಸ್ತಕದ ದಾಖಲೆಗೇ, ಮಾರ್ಕ್ 21 ಎಂಬ ದಾಖಲೆ ಮಾದರಿಯಲ್ಲಿ ಜಾಲದ ವಿಳಾಸಕ್ಕೆಂದು ಇರುವ 856ನೆಯ ಕ್ಷೇತ್ರ ಸೇರಿಸಿ. ಆ ಕ್ಷೇತ್ರದ ಆರಂಭದಲ್ಲಿ ಬರುವ ಎರಡು ಸೂಚಕ ಅಂಕಿಗಳಲ್ಲಿ ಮೊದಲನೆಯದು 4, ಎರಡನೆಯದು 1: ಅಂದರೆ ಇದು ಇದೇ ಕೃತಿಯ ಇನ್ನೊಂದು ರೂಪ. ಹೊಸ ಶೀರ್ಷಿಕೆ ಬೇಡ, ಹೊಸ ವಿಷಯ ಶೀರ್ಷಿಕೆ ಬೇಡ, ಐದು ನಿಮಿಷದ ಕೆಲಸ. ರೈಸ್ ಅವರ ಸಂಪುಟ ನಿಮ್ಮಲ್ಲಿದ್ದರೆ ಅದರಿಂದಲೇ ತೊಡಗಿ. ಕೊಂಡಿಯನ್ನು ನೇರವಾಗಿ ಪಿಡಿಎಫ್ ಕಡತಕ್ಕೆ ಕೊಡಬೇಡಿ. ಪುಸ್ತಕದ ವಿವರ ಇರುವ ಪುಟಕ್ಕೆ ಕೊಡಿ. ಕಡತದ ಹೆಸರು ಬದಲಾದರೂ ವಿವರದ ಪುಟ ಉಳಿಯುವ ಸಾಧ್ಯತೆ ಹೆಚ್ಚು.

ದೊಡ್ಡ ತಾಣಗಳ ವಿಷಯ ಬೇಗ ಮುಗಿಯುತ್ತದೆ. ಪಿಎಚ್.ಡಿ. ಪ್ರಬಂಧಗಳ ಶೋಧಗಂಗಾ, ನ್ಯಾಷನಲ್ ಡಿಜಿಟಲ್ ಲೈಬ್ರರಿ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ, ಕನ್ನಡದ ಜ್ಞಾನಕೋಶ ಕಣಜ ಇಂಥವಕ್ಕೆ ತಲಾ ಒಂದು ದಾಖಲೆ ಸಾಕು. ಮುಕ್ತ ನಿಯತಕಾಲಿಕಗಳನ್ನು ಒಂದೊಂದಾಗಿ ಸೂಚೀಕರಿಸಲು ಹೋಗಬೇಡಿ. ಡಿಒಎಜೆ ಎಂಬ ಮುಕ್ತ ನಿಯತಕಾಲಿಕಗಳ ಕೋಶವೇ 20,000ಕ್ಕಿಂತ ಹೆಚ್ಚು ಪತ್ರಿಕೆಗಳ ವಿವರ ಇಟ್ಟುಕೊಂಡಿದೆ. ಅದಕ್ಕೆ ಒಂದು ದಾಖಲೆ, ಜೊತೆಗೆ ನಿಮ್ಮ ವಿಭಾಗಗಳು ನಿಜಕ್ಕೂ ಓದುವ ಐದಾರು ಪತ್ರಿಕೆಗಳಿಗೆ ಪ್ರತ್ಯೇಕ ದಾಖಲೆ. ಉಳಿದದ್ದೆಲ್ಲ ಜಗತ್ತಿನ ಬೇರೆ ಗ್ರಂಥಾಲಯಗಳು ಮಾಡಿಟ್ಟಿರುವ ಕೆಲಸ, ನೀವು ಮತ್ತೊಮ್ಮೆ ಮಾಡಿದರೆ ಯಾರಿಗೂ ಲಾಭವಿಲ್ಲ.

ನಿಮ್ಮಿಬ್ಬರ ಮುಕ್ಕಾಲು ಗಂಟೆಗಳು ಹೋಗಬೇಕಾದದ್ದು ಬೇರೆ ಯಾರೂ ಸೂಚೀಕರಿಸದ ಸ್ಥಳೀಯ ಸಾಮಗ್ರಿಗೆ. ಪಾವಗಡದ ಸೌರ ಉದ್ಯಾನವನ್ನೇ ನೋಡಿ. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್, ರೈತರು ಜಮೀನು ಮಾರದೆ ಗುತ್ತಿಗೆಗೆ ಕೊಟ್ಟು ಆದ ಯೋಜನೆ. ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಮೂರೂ ವಿಭಾಗದ ವಿದ್ಯಾರ್ಥಿಗಳಿಗೆ ಅದು ಬೇಕು. ಅದರ ಕುರಿತ ವರದಿಗಳು ಬೇರೆ ಬೇರೆ ಇಲಾಖೆ, ಸಂಸ್ಥೆಗಳ ತಾಣಗಳಲ್ಲಿ ಚದುರಿ ಬಿದ್ದಿವೆ. ನಮ್ಮ ಕಡೆ ಕೋಲಾರದಲ್ಲಿ, ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾಯಿತು. ಅದರ ಕಾಗದಪತ್ರಗಳ ಪಾಡೂ ಇದೇ. ಯಾರೋ ಮೇಷ್ಟ್ರು ರಜಾ ದಿನಗಳಲ್ಲಿ ತಾಲ್ಲೂಕು ಸುತ್ತಿ ವೀರಗಲ್ಲು, ಮಾಸ್ತಿಕಲ್ಲುಗಳ ಫೋಟೊ ತೆಗೆದು ತಾಣದಲ್ಲಿ ಹಾಕಿರುತ್ತಾರೆ. ತಾಣದ ವಿನ್ಯಾಸ ಒರಟಾಗಿರಬಹುದು, ಆದರೆ ಕಲ್ಲು ಯಾವ ಹೊಲದ ಬದುವಿನಲ್ಲಿದೆ ಎಂಬ ವಿವರ ಬೇರೆಲ್ಲೂ ಸಿಗುವುದಿಲ್ಲ. ಇಂಥ ತಾಣಕ್ಕೆ ದಾಖಲೆ ಮಾಡುವ ಮುನ್ನ ಅದನ್ನು ನಡೆಸುವವರಿಗೆ ಒಂದು ಪತ್ರ ಬರೆಯಿರಿ. ತಾಣ ನಿಲ್ಲಿಸುವ ಯೋಚನೆ ಬಂದರೆ ನಮಗೆ ತಿಳಿಸಿ, ಫೋಟೊಗಳ ಒಂದು ಪ್ರತಿಯನ್ನು ಗ್ರಂಥಾಲಯ ಇಟ್ಟುಕೊಳ್ಳಬಹುದೇ ಎಂದು ಕೇಳಿ. ಹೆಚ್ಚಿನವರು ಸಂತೋಷದಿಂದ ಒಪ್ಪುತ್ತಾರೆ. ತಮ್ಮ ಕೆಲಸವನ್ನು ವಿಶ್ವವಿದ್ಯಾಲಯವೊಂದು ಗಮನಿಸಿತು ಎಂಬುದೇ ಅವರಿಗೆ ದೊಡ್ಡದು.

ಯಾವ ತಾಣವೇ ಆಗಲಿ, ನಾನು ನೋಡುವುದು ಇಷ್ಟು: ನಡೆಸುವವರು ಯಾರೆಂದು ತಾಣ ಹೇಳುತ್ತದೆಯೇ, ಮಾಹಿತಿ ಎಲ್ಲಿಂದ ಬಂತೆಂದು ಹೇಳುತ್ತದೆಯೇ, ಲಾಗಿನ್ ಕೇಳದೆ ತೆರೆಯುತ್ತದೆಯೇ. ಇವೆಲ್ಲಕ್ಕಿಂತ ಮುಖ್ಯವಾಗಿ, ನಾಳೆ ಅದು ಅಳಿದುಹೋದರೆ ನಮ್ಮ ಓದುಗರಲ್ಲಿ ಒಬ್ಬರಾದರೂ ಬಂದು ಎಲ್ಲಿ ಹೋಯಿತು ಎಂದು ಕೇಳುತ್ತಾರೆಯೇ. ಕೇಳುವವರಿಲ್ಲದ ತಾಣವನ್ನು ವಿಭಾಗವಾರು ಕೊಂಡಿಪುಟದಲ್ಲಿ ಹಾಕಿ. ಅಲ್ಲಿ ಒಂದು ಸಾಲು ಅಳಿಸುವುದು ಸುಲಭ, ಓದುಗರೂ ಅದನ್ನು ಸಲಹೆ ಎಂದಷ್ಟೇ ಓದುತ್ತಾರೆ. ಕ್ಯಾಟಲಾಗಿನ ದಾಖಲೆ ಹಾಗಲ್ಲ, ‘ಇದು ನಮ್ಮಲ್ಲಿ ಸಿಗುತ್ತದೆ’ ಎಂದು ಗ್ರಂಥಾಲಯ ಕೊಟ್ಟ ಮಾತು ಅದು.

ಈಗ ದಾಖಲೆಯ ರಚನೆ. ಬದಲಾಗುತ್ತಲೇ ಇರುವ ತಾಣವನ್ನು ಮಾರ್ಕ್ 21ರಲ್ಲಿ ಪುಸ್ತಕದಂತೆಯೂ ನಿಯತಕಾಲಿಕದಂತೆಯೂ ಕಾಣಬಾರದು. ಅದಕ್ಕೆ ದಾಖಲೆಯ ತಲೆಭಾಗವಾದ ಲೀಡರ್‌ನ 07ನೆಯ ಸ್ಥಾನದಲ್ಲಿ ‘ಐ’ ಎಂಬ ಪ್ರತ್ಯೇಕ ಸಂಕೇತವೇ ಇದೆ. ಹೊಸ ಮಾಹಿತಿ ಹಳೆಯದರೊಳಗೆ ಬೆರೆತು ಒಂದೇ ಆಗಿ ಉಳಿಯುವ ಸಾಮಗ್ರಿ ಎಂದು ಅದರ ಅರ್ಥ. ಸಂಕೇತಗಳ ಕ್ಷೇತ್ರವಾದ 008ರ 21ನೆಯ ಸ್ಥಾನದಲ್ಲಿ ನವೀಕರಣಗೊಳ್ಳುವ ಜಾಲತಾಣಕ್ಕೆ ‘ಡಬ್ಲ್ಯು’, ದತ್ತಸಂಚಯಕ್ಕೆ ‘ಡಿ’. 23ರಲ್ಲಿ ಆನ್‌ಲೈನ್ ಎನ್ನಲು ‘ಓ’. ತಾಣದ ಹೆಸರು ಬದಲಾದರೆ ಶೀರ್ಷಿಕೆಯ ಕ್ಷೇತ್ರವಾದ 245ರಲ್ಲಿ ಹೊಸದನ್ನು ಬರೆದು ಹಳೆಯದನ್ನು 247ಕ್ಕೆ ಇಳಿಸಿ. ನೀವು ತಾಣ ನೋಡಿದ ದಿನಾಂಕ 588ಕ್ಕೆ. ಸಾರಾಂಶದ 520ನೆಯ ಕ್ಷೇತ್ರವನ್ನು ದಯವಿಟ್ಟು ಖಾಲಿ ಬಿಡಬೇಡಿ: ಎರಡು ಸಾಲು, ಕನ್ನಡದಲ್ಲಿ, ತಾಣದಲ್ಲಿ ಏನಿದೆ, ಎಲ್ಲಿಯವರೆಗಿನದು ಇದೆ ಎಂದು. ತಾಣವೇ ದಾಖಲೆಯ ವಸ್ತುವಾದ್ದರಿಂದ ಇಲ್ಲಿ 856ರ ಸೂಚಕಗಳು 4 ಮತ್ತು 0. ವಿಳಾಸ ‘ಯು’ ಉಪಕ್ಷೇತ್ರಕ್ಕೆ, ಓದುಗರಿಗೆ ಟಿಪ್ಪಣಿ ‘ಝಡ್’ ಉಪಕ್ಷೇತ್ರಕ್ಕೆ. ಆ ಟಿಪ್ಪಣಿಯಲ್ಲಿ ‘ಉಚಿತ, ಪಾಸ್‌ವರ್ಡ್ ಬೇಡ, ಮನೆಯಿಂದಲೂ ತೆರೆಯಬಹುದು’ ಎಂದು ಬರೆಯಿರಿ. ವಿಶ್ವವಿದ್ಯಾಲಯದ ಕ್ಯಾಟಲಾಗಿನಲ್ಲಿ ಕಂಡದ್ದೆಲ್ಲ ಕ್ಯಾಂಪಸ್ಸಿನೊಳಗೆ ಮಾತ್ರ ತೆರೆಯುತ್ತದೆ ಎಂದು ವಿದ್ಯಾರ್ಥಿಗಳು ಭಾವಿಸಿರುತ್ತಾರೆ. ದಿನಾ ಶಿರಾದಿಂದಲೋ ಗುಬ್ಬಿಯಿಂದಲೋ ಬಸ್ಸಿನಲ್ಲಿ ಬಂದು ಹೋಗುವವರಿಗೆ ಆ ಒಂದು ಸಾಲು ಬಹಳ ದೊಡ್ಡದು.

ಕೊಹಾದಲ್ಲಿ ಇನ್ನೊಂದು ಎಚ್ಚರ. ತಾಣಕ್ಕೆ ಪ್ರತಿ ಇರುವುದಿಲ್ಲವಾದ್ದರಿಂದ ಹುಡುಕಾಟದ ಫಲಿತಾಂಶದಲ್ಲಿ ‘ಪ್ರತಿಗಳು ಲಭ್ಯವಿಲ್ಲ’ ಎಂಬ ಅರ್ಥದ ಸಾಲು ಕಾಣಬಹುದು. ಅದನ್ನು ಓದಿದ ವಿದ್ಯಾರ್ಥಿ ಕೊಂಡಿ ನೋಡದೆಯೇ ಮುಂದೆ ಹೋಗುತ್ತಾನೆ. ಒಂದೇ ಒಂದು ದಾಖಲೆ ಮಾಡಿ, 942ರ ‘ಸಿ’ ಉಪಕ್ಷೇತ್ರದಲ್ಲಿ ಜಾಲತಾಣ ಎಂಬ ಪ್ರತ್ಯೇಕ ಬಗೆ ಕೊಟ್ಟು, ಓಪ್ಯಾಕ್‌ನಲ್ಲಿ ಅದು ಹೇಗೆ ಕಾಣುತ್ತದೆ ಎಂದು ಮೊಬೈಲಿನಲ್ಲೂ ನೋಡಿದ ಮೇಲೆಯೇ ಉಳಿದವಕ್ಕೆ ಕೈ ಹಾಕಿ. ವರ್ಗೀಕರಣ ಸಂಖ್ಯೆ ಬೇಕೇ ಎಂದು ಕೆಲವರು ಕೇಳುತ್ತಾರೆ. ಬೇಕು. ಕಪಾಟಿಲ್ಲದಿದ್ದರೂ, ಡ್ಯೂಯಿ ವರ್ಗೀಕರಣದ 954.87ರ ಸುತ್ತ ಕರ್ನಾಟಕ ಇತಿಹಾಸದ ಪುಸ್ತಕಗಳನ್ನು ನೋಡುತ್ತಾ ಹೋಗುವವರಿಗೆ ತಾಣವೂ ಅದೇ ಸಾಲಿನಲ್ಲಿ ಸಿಗಬೇಕು.

ನಾನು ಅತಿ ಹೆಚ್ಚು ಕಾಳಜಿ ಮಾಡುವುದು ಹೆಸರುಗಳ ಬಗ್ಗೆ. ನಾನು ಹುಟ್ಟಿದ್ದು ಕೋಲಾರ ಜಿಲ್ಲೆಯಲ್ಲಿ, ನಿವೃತ್ತನಾಗಿ ಬದುಕುತ್ತಿರುವುದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ. ಮನೆ ಮಾತ್ರ ಅದೇ. 2007ರಲ್ಲಿ ಜಿಲ್ಲೆ ಬೇರೆಯಾಯಿತು. ಅದಕ್ಕೂ ಮುಂಚಿನ ಗೆಜೆಟಿಯರ್, ಜನಗಣತಿ ಕೈಪಿಡಿ, ಶಾಸನ ಸಂಪುಟ ಎಲ್ಲದರಲ್ಲೂ ಚಿಂತಾಮಣಿ, ಬಾಗೇಪಲ್ಲಿ, ಗೌರಿಬಿದನೂರು ಇರುವುದು ಕೋಲಾರದ ಹೆಸರಿನಡಿ. ನಂದಿಯ ದೇವಾಲಯದ ಶಾಸನಗಳನ್ನು ಹುಡುಕುವವರು 1905ರ ಕೋಲಾರ ಸಂಪುಟಕ್ಕೇ ಹೋಗಬೇಕು. ‘ಚಿಕ್ಕಬಳ್ಳಾಪುರ ಜಿಲ್ಲೆ’ ಎಂದು ಹುಡುಕುವ ಇಂದಿನ ಹುಡುಗನಿಗೆ ಇದು ಹೇಗೆ ಗೊತ್ತಾಗಬೇಕು? ದಾಖಲೆ ಹೇಳಬೇಕು. ನಿಮ್ಮ ಊರಿನದೂ ಹೀಗೆಯೇ. 2014ರ ನವೆಂಬರ್ 1ರಂದು ಇಂಗ್ಲಿಷಿನ ‘ಟುಮ್ಕುರ್’ ಅಧಿಕೃತವಾಗಿ ತುಮಕೂರು ಆಯಿತು. ಅದಕ್ಕೆ ಹಿಂದಿನ ಎಲ್ಲ ಕಡತಗಳೂ ಹಳೆಯ ಕಾಗುಣಿತದಲ್ಲಿವೆ, ಈಗಿನ ಎಷ್ಟೋ ತಾಣಗಳಲ್ಲಿಯೂ ಹಳೆಯದೇ ಇದೆ. ಎರಡೂ ರೂಪಗಳನ್ನು, ಜೊತೆಗೆ ಕನ್ನಡ ಲಿಪಿಯಲ್ಲಿ ಊರು, ತಾಲ್ಲೂಕು, ವಿಷಯಗಳ ಹೆಸರನ್ನು 653ನೆಯ ಕ್ಷೇತ್ರದಲ್ಲಿ ಧಾರಾಳವಾಗಿ ಬರೆಯಿರಿ. ಅಮೆರಿಕದ ವಿಷಯ ಶೀರ್ಷಿಕೆಗಳ ಪಟ್ಟಿಯ ಪದಗಳು 650ನೆಯ ಕ್ಷೇತ್ರದಲ್ಲಿ ಇರಲಿ, ಬೇಡವೆನ್ನುವುದಿಲ್ಲ. ಆದರೆ ಅದರಲ್ಲಿ ಮಾಸ್ತಿಕಲ್ಲು ಎಂದು ಹುಡುಕುವವರಿಗೆ ದಾರಿಯಿಲ್ಲ.

ಕನ್ನಡದ ಯೂನಿಕೋಡ್‌ನಲ್ಲಿ ಒಂದು ಸೂಕ್ಷ್ಮವಿದೆ. ‘ವೆಬ್‌ಸೈಟ್’ ಎಂದು ಬರೆಯುವಾಗ ಬಕಾರಕ್ಕೂ ಸಕಾರಕ್ಕೂ ಒತ್ತು ಬೀಳದಂತೆ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂರುತ್ತದೆ. ಓದುಗರು ಅದಿಲ್ಲದೆ ‘ವೆಬ್ಸೈಟ್’ ಎಂದು ಟೈಪ್ ಮಾಡಿದರೆ ಹುಡುಕಾಟ ತಾಳೆಯಾಗದೆ ಹೋಗಬಹುದು. ಶೀರ್ಷಿಕೆಯಲ್ಲಿ ಇಂಥ ಪದವಿದ್ದರೆ ಇನ್ನೊಂದು ರೂಪವನ್ನು 246ರಲ್ಲಿ ಕೊಡಿ. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟ್‌ಗಳಲ್ಲಿರುವ ಹಳೆಯ ತಾಣಗಳಿಂದ ಶೀರ್ಷಿಕೆಯನ್ನು ನಕಲು ಮಾಡಿ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಬರುತ್ತವೆ. ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶ ಬಳಸಿ, ಇಲ್ಲವೇ ಕೈಯಾರೆ ಟೈಪ್ ಮಾಡಿ. ಅಂಥ ತಾಣದ ಒಳಗಿನದು ಗೂಗಲ್‌ಗೂ ದಕ್ಕುವುದಿಲ್ಲವಾದ್ದರಿಂದ ನಿಮ್ಮ ದಾಖಲೆಯ ಬೆಲೆ ಇನ್ನೂ ಹೆಚ್ಚು.

ಹಕ್ಕುಸ್ವಾಮ್ಯದ ಮಾತನ್ನೂ ಆಡಲೇಬೇಕು. ಉಚಿತವಾಗಿ ತೆರೆಯುತ್ತದೆ ಎಂದ ಮಾತ್ರಕ್ಕೆ ಅದು ಸಕ್ರಮ ಎಂದಲ್ಲ. ನಮ್ಮ ಕಾಯಿದೆಯಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಮುಳಬಾಗಿಲಿನ ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ, ಅವರ ಕೃತಿಗಳ ಹಕ್ಕು 2035ರ ಕೊನೆಯವರೆಗೆ ಇರುತ್ತದೆ. ಮಾಲೂರು ತಾಲ್ಲೂಕಿನ ಮಾಸ್ತಿಯವರದು 1986, ಹಾಗಾಗಿ 2046ರವರೆಗೆ. ಹಕ್ಕುದಾರರೇ ಮುಕ್ತವಾಗಿ ಬಿಟ್ಟಿದ್ದಾರೆ ಎಂಬ ಸ್ಪಷ್ಟ ಸೂಚನೆ ಇಲ್ಲದಿದ್ದರೆ, ಯಾರೋ ಏರಿಸಿದ ಸ್ಕ್ಯಾನ್‌ಗೆ ವಿಶ್ವವಿದ್ಯಾಲಯದ ಕ್ಯಾಟಲಾಗಿನಿಂದ ಕೊಂಡಿ ಕೊಡಬೇಡಿ. ಪ್ರಾಧ್ಯಾಪಕರ ಪಟ್ಟಿಯಲ್ಲಿ ಇಂಥವು ಇದ್ದರೆ ಮುಲಾಜಿಲ್ಲದೆ ತೆಗೆಯಿರಿ.

ಕೊನೆಯದಾಗಿ ನಿರ್ವಹಣೆ, ನಾವು ಅಂದು ತಪ್ಪಿದ್ದು ಇಲ್ಲಿಯೇ. ಕೊಹಾದಲ್ಲಿ ಕೊಂಡಿ ಪರೀಕ್ಷಿಸುವ ಸಣ್ಣ ಪ್ರೋಗ್ರಾಂ ಇದೆ. ನಿಮ್ಮ ಕಂಪ್ಯೂಟರ್ ವಿಭಾಗದವರಿಗೆ ಹೇಳಿ ತಿಂಗಳಿಗೊಮ್ಮೆ ಓಡಿಸಿ. ಅದು 404 ಎಂದು ಉತ್ತರ ಕೊಡುವ ಸತ್ತ ಕೊಂಡಿಗಳನ್ನು ಹಿಡಿಯುತ್ತದೆ. ನನ್ನ ವಿದ್ಯಾರ್ಥಿನಿ ಕಂಡ ಐದನೆಯ ಕೊಂಡಿಯಂಥದ್ದನ್ನು ಹಿಡಿಯುವುದಿಲ್ಲ. ತಾಣದ ಹೆಸರಿನ ನೋಂದಣಿ ಮುಗಿದು, ಇನ್ನೊಬ್ಬರು ಅದನ್ನು ಕೊಂಡು ಬೇರೇನೋ ನಡೆಸುತ್ತಿದ್ದರೆ, ಯಂತ್ರದ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ಆದ್ದರಿಂದ ಪ್ರತಿ ಸೆಮಿಸ್ಟರಿನ ಆರಂಭದಲ್ಲಿ ಒಂದೊಂದು ಕೊಂಡಿಯನ್ನೂ ಮನುಷ್ಯರ ಕಣ್ಣು ನೋಡಬೇಕು. ಅರವತ್ತು ದಾಖಲೆಗಳಾದರೆ ಒಂದು ಮಧ್ಯಾಹ್ನದ ಕೆಲಸ. ನಿಮ್ಮಿಬ್ಬರಿಗೆ ಅರವತ್ತೇ ಮಿತಿ ಎಂದು ಇಟ್ಟುಕೊಳ್ಳಿ. ಅದಕ್ಕಿಂತ ಹೆಚ್ಚಾದರೆ ಒಂದನ್ನು ತೆಗೆದೇ ಇನ್ನೊಂದನ್ನು ಸೇರಿಸಿ. ದಾಖಲೆ ಮಾಡುವ ದಿನವೇ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ಆ ತಾಣದ ಮುಖ್ಯ ಪುಟಗಳನ್ನು ಉಳಿಸಿ, ಆ ವಿಳಾಸವನ್ನು ಎರಡನೆಯ 856 ಆಗಿ, 4 ಮತ್ತು 1ರ ಸೂಚಕಗಳೊಂದಿಗೆ ಸೇರಿಸಿಡಿ. ಮೂಲ ತಾಣ ಅಳಿದರೂ ಓದುಗರು ಬರಿಗೈಯಲ್ಲಿ ಹೋಗುವುದಿಲ್ಲ.

ಪ್ರಾಧ್ಯಾಪಕರ ಮನಸ್ಸು ನೋಯಿಸಬೇಕಾಗಿಲ್ಲ. ಪಟ್ಟಿಯನ್ನು ಅವರಿಗೇ ಹಿಂತಿರುಗಿಸಿ, ಪ್ರತಿ ತಾಣದ ಎದುರು ಯಾವ ಸೆಮಿಸ್ಟರಿನ ಯಾವ ಪತ್ರಿಕೆಗೆ ಇದು ಬೇಕು ಎಂದು ಒಂದೇ ಸಾಲು ಬರೆದುಕೊಡಿ ಎಂದು ಕೇಳಿ. ಸಾಲು ತುಂಬಿ ಬಂದವುಗಳಿಂದ ಕ್ಯಾಟಲಾಗಿನ ಕೆಲಸ ಆರಂಭವಾಗಲಿ, ಖಾಲಿ ಬಂದವು ಕೊಂಡಿಪುಟಕ್ಕೆ ಹೋಗಲಿ. ಅವರು ಬರೆದ ಆ ಸಾಲನ್ನು 520ರಲ್ಲಿ ಬಳಸಿಕೊಳ್ಳಬಹುದು. ವಿದ್ಯಾರ್ಥಿಗೆ ಅದಕ್ಕಿಂತ ಉಪಯುಕ್ತವಾದ ಸಾರಾಂಶವನ್ನು ನಾವು ಬರೆಯಲಾರೆವು.